ಮನೆಯಲ್ಲಿ ಕಟ್ಟಿದ ವಿಮಾನ ನೆಲ ಮುಟ್ಟುವಾಗಲೇ ಏಕೆ ಮುರಿಯುತ್ತದೆ?

ಪ್ರಶ್ನೆ: ನಾನು ಬೆಂಗಳೂರಿನ ಸಹಕಾರನಗರದಲ್ಲಿರುವ ಮೆಕ್ಯಾನಿಕಲ್ ಎಂಜಿನಿಯರ್. ನಾನು ಮತ್ತು ನನ್ನ ಸ್ನೇಹಿತರು ಸೇರಿ, ಅಮೆರಿಕದಿಂದ ತರಿಸಿದ ಕಿಟ್‌ನಿಂದ ಎರಡು ಆಸನಗಳ ವಿಮಾನವೊಂದನ್ನು ಆರು ವರ್ಷ ಕೂತು ಕಟ್ಟಿದ್ದೇವೆ. ರೆಕ್ಕೆ ಕೆಳಗಿದೆ, ಆಸನಗಳು ಒಂದರ ಹಿಂದೊಂದು ಇವೆ, ಮುಂದೆ ನೋಸ್‌ವೀಲ್ ಇದೆ. ಪರೀಕ್ಷಾ ಹಾರಾಟಗಳನ್ನು ಅನುಭವಿ ಪೈಲಟ್ ಒಬ್ಬರು ಮುಗಿಸಿಕೊಟ್ಟಿದ್ದಾರೆ. ಇನ್ನು ನಾನು ಹಾರಿಸಬೇಕು. ನನಗಿರುವುದು ರೆಕ್ಕೆ ಮೇಲಿರುವ ತರಬೇತಿ ವಿಮಾನ ಸೆಸ್ನಾ 172ರಲ್ಲಿ 120 ಗಂಟೆಗಳ ಅನುಭವ. ಕಳೆದ ತಿಂಗಳು ಇಂಥದೇ ಇನ್ನೊಂದು ವಿಮಾನ ರನ್‌ವೇ ಮೇಲೆ ಮೂರು ಸಲ ಪುಟಿದು, ನೋಸ್‌ವೀಲ್ ಮಡಚಿಕೊಂಡು, ಪ್ರೊಪೆಲ್ಲರ್ ನೆಲಕ್ಕೆ ಬಡಿದು ನಿಂತದ್ದನ್ನು ಕಣ್ಣಾರೆ ಕಂಡೆ. ಪೈಲಟ್‌ಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ನನಗೆ ನಿದ್ದೆಯಿಲ್ಲ. ಇಂಥ ವಿಮಾನಗಳು ಲ್ಯಾಂಡಿಂಗ್‌ನಲ್ಲಿ ಇಷ್ಟೇಕೆ ಮುರಿಯುತ್ತವೆ? ತಪ್ಪು ವಿಮಾನದ್ದೋ ಪೈಲಟ್‌ನದ್ದೋ? ನಾನು ಹೇಗೆ ಸಿದ್ಧನಾಗಲಿ? ಮಗಳು ಹಿಂದಿನ ಆಸನದಲ್ಲಿ ಕೂರುತ್ತೇನೆಂದು ಹಟ ಹಿಡಿದಿದ್ದಾಳೆ, ಯಾವಾಗ ಕೂರಿಸಬಹುದು?

ಉತ್ತರ: ಬೇರೊಂದು ವಿಮಾನದಲ್ಲಿ ಪಳಗಿದ ಕೈ ಮತ್ತು ಕಣ್ಣು ಈ ವಿಮಾನದಲ್ಲಿ ಬಂದು ಕೂತದ್ದೇ ನೀವು ಕಂಡ ಅಪಘಾತದ ಮೂಲವಾಗಿದ್ದೀತು. ಆ ಪೈಲಟ್ ಬಹುಶಃ ಸೆಸ್ನಾದಂಥ ವಿಮಾನವನ್ನು ಚೆನ್ನಾಗಿಯೇ ಇಳಿಸಬಲ್ಲವರು. ಆ ವಿಮಾನವೂ ಅದನ್ನು ಬಲ್ಲವರ ಕೈಯಲ್ಲಿ ಚೆನ್ನಾಗಿಯೇ ಇಳಿಯುತ್ತಿತ್ತು. ಕಾರ್ಖಾನೆಯಲ್ಲಿ ತಯಾರಾದ ವಿಮಾನದ ಜೊತೆ ಒಂದು ಕೈಪಿಡಿ ಬರುತ್ತದೆ. ಯಾವ ತೂಕಕ್ಕೆ ಯಾವ ವೇಗ ಎಂಬುದನ್ನು ಬೇರೆ ಯಾರೋ ಅಳೆದು, ಪರೀಕ್ಷಿಸಿ ಅದರಲ್ಲಿ ಬರೆದಿರುತ್ತಾರೆ. ಕೈಯಿಂದ ಕಟ್ಟಿದ ವಿಮಾನಕ್ಕೆ ಅಂಥ ಅಂಕಿಗಳನ್ನು ಅದರಲ್ಲೇ, ಅದರ ವೇಗಮಾಪಕದಲ್ಲೇ, ನೀವೇ ಹುಡುಕಿಕೊಳ್ಳಬೇಕು. ಪಕ್ಕದ ಹ್ಯಾಂಗರ್‌ನಲ್ಲಿರುವ ಅದೇ ಮಾದರಿಯ ವಿಮಾನದ ಅಂಕಿಯನ್ನು ಎರವಲು ತಂದರೂ ಅದು ನಿಮ್ಮದಾಗುವುದಿಲ್ಲ.

ಈ ಮಾತಿಗೆ ಆಧಾರವಿದೆ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಹವ್ಯಾಸಿಗಳು ಕಟ್ಟಿದ ವಿಮಾನಗಳ ಬಗ್ಗೆ ವಿಸ್ತಾರವಾದ ಅಧ್ಯಯನವೊಂದನ್ನು ಪ್ರಕಟಿಸಿತು. ಅಲ್ಲಿನ ಸಾಮಾನ್ಯ ವಿಮಾನಯಾನದಲ್ಲಿ (ಏರ್‌ಲೈನ್ ಮತ್ತು ಸೇನೆಯ ಹಾರಾಟಗಳನ್ನು ಬಿಟ್ಟು ಉಳಿದದ್ದು) ಇಂಥ ವಿಮಾನಗಳು ಸುಮಾರು ಶೇಕಡ 10 ಇದ್ದರೂ, 2011ರ ಅಪಘಾತಗಳಲ್ಲಿ ಶೇಕಡ 15, ಸಾವು ಸಂಭವಿಸಿದ ಅಪಘಾತಗಳಲ್ಲಿ ಶೇಕಡ 21 ಇವುಗಳ ಪಾಲಿಗೆ ಬಂದಿದ್ದವು. ಎಂಜಿನ್ ಕೈಕೊಡುವುದು ಮತ್ತು ಹಾರಾಟದಲ್ಲಿ ಹತೋಟಿ ತಪ್ಪುವುದು ಮುಖ್ಯ ಕಾರಣಗಳಾಗಿದ್ದವು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆ ಎರಡು ಸಂಗತಿಗಳು. ಅಪಘಾತಗಳು ಆಯಾ ವಿಮಾನದ, ಇಲ್ಲವೇ ಆ ವಿಮಾನಕ್ಕೆ ಹೊಸಬನಾದ ಪೈಲಟ್‌ನ ಮೊದಮೊದಲ ಹಾರಾಟಗಳಲ್ಲೇ ಗುಂಪುಗೂಡಿದ್ದವು. ಆ ವರ್ಷ ಅಪಘಾತಕ್ಕೀಡಾದ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮಾಲೀಕರು ತಾವೇ ಕಟ್ಟಿದವಾಗಿರದೆ ಇನ್ನೊಬ್ಬರಿಂದ ಕೊಂಡವಾಗಿದ್ದವು. ನೀವು ಕಟ್ಟಿದವರೇ ಆದ್ದರಿಂದ ಇದು ನಿಮಗೆ ಸಂಬಂಧಿಸಿಲ್ಲವೆಂದು ಭಾವಿಸಬೇಡಿ. ಪರೀಕ್ಷಾ ಹಾರಾಟ ಮಾಡಿದವರು ಇನ್ನೊಬ್ಬರು. ಹಾರಿಸುವ ಮಟ್ಟಿಗೆ ನೀವೂ ಕೊಂಡವರಷ್ಟೇ ಹೊಸಬರು.

ಈಗ ಎರಡು ವಿಮಾನಗಳ ವ್ಯತ್ಯಾಸಕ್ಕೆ ಬರೋಣ. ಸೆಸ್ನಾ 172ರ ರೆಕ್ಕೆ ತುದಿಯಿಂದ ತುದಿಗೆ 11 ಮೀಟರ್ ಇದೆ. ನಿಮ್ಮಂಥ ವಿಮಾನಗಳಲ್ಲಿ ಅದು 7 ಮೀಟರ್‌ಗಿಂತ ಸ್ವಲ್ಪ ಹೆಚ್ಚಿರುತ್ತದೆ. ಸೆಸ್ನಾದಲ್ಲಿ ಎಂಜಿನ್ ಶಕ್ತಿಯನ್ನು ಹತೋಟಿಯಲ್ಲಿಡುವ ಥ್ರಾಟಲ್ ಪೂರ್ತಿ ಎಳೆದರೂ ವಿಮಾನ ತೇಲುತ್ತಾ, ಪೈಲಟ್‌ಗೆ ಯೋಚಿಸಲು ಎರಡು ಮೂರು ಕ್ಷಣ ಬಿಟ್ಟುಕೊಟ್ಟು ಕೆಳಗಿಳಿಯುತ್ತದೆ. ನಿಮ್ಮದರಲ್ಲಿ ರೆಕ್ಕೆ ಚಿಕ್ಕದು, ರೆಕ್ಕೆಯ ಹಿಂದಿನ ಅಂಚಿನ ಫ್ಲಾಪ್ ಇಳಿಸಿದಾಗ ಗಾಳಿಯ ತಡೆ ಹೆಚ್ಚು. ಪ್ರೊಪೆಲ್ಲರ್, ಅಲಗುಗಳ ಕೋನವನ್ನು ತಾನೇ ಬದಲಿಸಿಕೊಳ್ಳುವ ಕಾನ್‌ಸ್ಟಂಟ್ ಸ್ಪೀಡ್ ಬಗೆಯದಾಗಿದ್ದರೆ ಥ್ರಾಟಲ್ ಎಳೆದೊಡನೆ ಅದೇ ಬ್ರೇಕಿನಂತೆ ವಿಮಾನವನ್ನು ಹಿಡಿಯುತ್ತದೆ. ನೆಲದ ಸಮೀಪ ರೆಕ್ಕೆಗೆ ಸಿಗುವ ಹೆಚ್ಚುವರಿ ಆಸರೆಯೂ ರೆಕ್ಕೆಯ ಉದ್ದಕ್ಕೆ ತಕ್ಕಂತೆ ಸಿಗುವುದರಿಂದ, ಚಿಕ್ಕ ರೆಕ್ಕೆಗೆ ಅದು ತಡವಾಗಿ, ನೆಲಕ್ಕೆ ಇನ್ನಷ್ಟು ಹತ್ತಿರ ಬಂದ ಮೇಲೆ ಸಿಗುತ್ತದೆ. ಹೀಗಾಗಿ ಸೆಸ್ನಾದ ಲಯದಲ್ಲಿ ಫ್ಲೇರ್ ಮಾಡಲು, ಅಂದರೆ ನೆಲ ಮುಟ್ಟುವ ಮುನ್ನ ಮೂಗೆತ್ತಿ ಇಳಿತವನ್ನು ನಿಧಾನಗೊಳಿಸಲು, ಹೊರಟವನ ಕೈಗೆ, ಅವನು ಎಣಿಸಿದ್ದಕ್ಕಿಂತ ಒಂದೆರಡು ಕ್ಷಣ ಮೊದಲೇ ವೇಗ ಮುಗಿದುಹೋಗಿರುತ್ತದೆ.

ಕಣ್ಣಿನ ಎತ್ತರವೂ ಮೋಸ ಮಾಡುತ್ತದೆ. ನಾನು ಹಾರಾಟ ಕಲಿತದ್ದು ಪುಷ್ಪಕದಲ್ಲಿ. ನಮ್ಮ ಊರಿನ ಎಚ್‌ಎಎಲ್ ತಯಾರಿಸಿದ, 1958ರಲ್ಲಿ ಮೊದಲು ಹಾರಿದ, ರೆಕ್ಕೆ ಮೇಲಿರುವ, ಬಾಲದಲ್ಲಿ ಚಿಕ್ಕ ಚಕ್ರವಿರುವ ಆ ವಿಮಾನದಲ್ಲಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳ ಎಷ್ಟೋ ಪೈಲಟ್‌ಗಳು ಪಳಗಿದ್ದಾರೆ. ವರ್ಷಗಳ ನಂತರ ಮೊದಲ ಬಾರಿಗೆ, ರೆಕ್ಕೆ ಕೆಳಗಿದ್ದು ಆಸನ ನೆಲಕ್ಕೆ ತೀರ ಹತ್ತಿರವಿದ್ದ, ಹವ್ಯಾಸಿಯೊಬ್ಬರು ಕಟ್ಟಿದ ವಿಮಾನವನ್ನು ಇಳಿಸುವಾಗ, ನನ್ನ ಕಣ್ಣು ಹಳೆಯ ಎತ್ತರಕ್ಕೇ "ನೆಲ ಬಂತು" ಎಂದಿತು. ಕೈ ಅದನ್ನು ನಂಬಿ ಮೂಗೆತ್ತಲು ಸ್ಟಿಕ್ ಎಳೆಯಿತು. ಚಕ್ರಗಳ ಕೆಳಗೆ ಇನ್ನೂ ಒಂದು ಮೀಟರ್‌ನಷ್ಟು ಖಾಲಿ ಜಾಗವಿತ್ತು. ವಿಮಾನ ಅಲ್ಲಿಂದ ಮೂಟೆ ಬಿದ್ದಂತೆ ಬಿತ್ತು. ಏನೂ ಮುರಿಯಲಿಲ್ಲ, ಆದರೆ ಮರುದಿನ ಲ್ಯಾಂಡಿಂಗ್ ಗೇರ್‌ನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಭೂತಗನ್ನಡಿ ಹಿಡಿದು ನೋಡುವಾಗ ಅದರ ಮಾಲೀಕರ ಮುಖವನ್ನು ನೋಡಲು ನನಗಾಗಲಿಲ್ಲ.

ಆದ್ದರಿಂದ ನಿಮಗೆ ನಾನು ಹೇಳುವ ಮೊದಲ ಸಿದ್ಧತೆಗೆ ಒಂದು ಹನಿ ಪೆಟ್ರೋಲೂ ಬೇಡ. ವಿಮಾನವನ್ನು ಹ್ಯಾಂಗರ್‌ನಿಂದ ಹೊರತಂದು ರನ್‌ವೇ ಕಡೆಗೆ ಮುಖ ಮಾಡಿಸಿ. ಮುಖ್ಯ ಚಕ್ರಗಳಿಗೆ ಅಡೆ ಕೊಟ್ಟು, ನೋಸ್‌ವೀಲ್ ಕೆಳಗೆ ಗಟ್ಟಿ ಹಲಗೆಗಳನ್ನಿಟ್ಟು, ಲ್ಯಾಂಡಿಂಗ್ ಹೊತ್ತಿನಲ್ಲಿ ಮೂಗು ಎಷ್ಟು ಮೇಲಿರಬೇಕೋ ಅಷ್ಟು ಎತ್ತಿ ನಿಲ್ಲಿಸಿ. ಬಾಲದ ಬಳಿ ಸ್ನೇಹಿತರು ನಿಂತಿರಲಿ. ಹಾರುವಾಗ ಬಳಸುವ ಅದೇ ಕುಶನ್ ಹಾಕಿಕೊಂಡು, ಬೆಲ್ಟ್ ಬಿಗಿದು ಒಳಗೆ ಕೂರಿ. ಕುಶನ್ ಎರಡು ಇಂಚು ದಪ್ಪ ತೆಳುವಾದರೂ ಚಿತ್ರ ಬದಲಾಗುತ್ತದೆ. ಎಂಜಿನ್ ಮುಚ್ಚಿರುವ ಕೌಲಿಂಗ್‌ನ ಅಂಚು ದೂರದ ಮರಗಳ ಸಾಲನ್ನು ಎಲ್ಲಿ ಕತ್ತರಿಸುತ್ತದೆ, ಎಡಗಡೆ ಹುಲ್ಲು ಎಷ್ಟು ಹತ್ತಿರ ಕಾಣುತ್ತದೆ, ರನ್‌ವೇಯ ಎರಡೂ ಅಂಚುಗಳು ಕಣ್ಣಂಚಿನಲ್ಲಿ ಎಲ್ಲಿ ಬರುತ್ತವೆ ಎಂಬುದನ್ನು ಅರ್ಧ ಗಂಟೆ ಸುಮ್ಮನೆ ನೋಡಿ. ಕಣ್ಣು ಮುಚ್ಚಿ, ತೆರೆದು, ಮತ್ತೆ ನೋಡಿ. ನೆಲ ಮುಟ್ಟುವ ಕ್ಷಣದಲ್ಲಿ ನಿಮಗೆ ಕಾಣಬೇಕಾದದ್ದು ಇದೇ ಚಿತ್ರ. ನನ್ನ ಶಿಷ್ಯರಲ್ಲಿ ಇದನ್ನು ಶ್ರದ್ಧೆಯಿಂದ ಮಾಡಿದವರು ಮೊದಲ ಲ್ಯಾಂಡಿಂಗ್‌ನಲ್ಲಿ ಎತ್ತರದಿಂದ ಬೀಳಿಸಿದ್ದು ನನಗೆ ನೆನಪಿಲ್ಲ.

ಎರಡನೆಯದು ವೇಗ. ರನ್‌ವೇಗೆ ನೇರವಾಗಿ ಇಳಿದು ಬರುವ ಕೊನೆಯ ಹಂತವಾದ ಫೈನಲ್‌ನಲ್ಲಿ ಸ್ಟಾಲ್ ವೇಗದ (ರೆಕ್ಕೆಗೆ ವಿಮಾನವನ್ನು ಹೊರಲಾಗದೆ ಹೋಗುವ ವೇಗದ) 1.3 ಪಟ್ಟು ಇಟ್ಟುಕೊಳ್ಳಬೇಕೆಂಬ ಸೂತ್ರ ನಿಮಗೆ ಗೊತ್ತಿದೆ. ಯಾವ ಸ್ಟಾಲ್ ವೇಗದ 1.3 ಪಟ್ಟು ಎಂಬುದನ್ನು ಮಾತ್ರ ಹೆಚ್ಚಿನವರು ಕೇಳಿಕೊಳ್ಳುವುದಿಲ್ಲ. ಒಂದು ಲೆಕ್ಕ ಮಾಡೋಣ. ನೀವೊಬ್ಬರೇ ಕೂತಾಗ ವಿಮಾನದ ತೂಕ 600 ಕಿಲೋ ಇದ್ದು, ಫ್ಲಾಪ್ ಪೂರ್ತಿ ಇಳಿಸಿದಾಗ 50 ನಾಟ್‌ನಲ್ಲಿ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಸ್ಟಾಲ್ ಆಗುತ್ತದೆ ಎಂದಿಟ್ಟುಕೊಳ್ಳಿ. ಆಗ ಫೈನಲ್‌ನ ವೇಗ 65 ನಾಟ್. ಹಿಂದೆ ಇನ್ನೊಬ್ಬರು ಕೂತು, ಟ್ಯಾಂಕ್ ತುಂಬಿ 730 ಕಿಲೋ ಆದಾಗ ಸ್ಟಾಲ್ ವೇಗ ತೂಕದ ವರ್ಗಮೂಲಕ್ಕೆ ತಕ್ಕಂತೆ ಏರಿ 55ರ ಹತ್ತಿರ ಬರುತ್ತದೆ. ಫೈನಲ್‌ಗೆ 72 ಬೇಕಾಗುತ್ತದೆ. ಕಿಟ್ ತಯಾರಕರ ಕಾಗದದಲ್ಲಿ ಪೂರ್ಣ ತೂಕದ ಅಂಕಿ ಮಾತ್ರ ಇದ್ದು, ಒಬ್ಬರೇ ಹಾರುವಾಗಲೂ ನೀವು ಅದೇ 72ನ್ನು ಹಿಡಿದು ಬಂದರೆ, 65ರಲ್ಲಿ ಬರುವುದಕ್ಕಿಂತ ಶೇಕಡ 20ಕ್ಕೂ ಹೆಚ್ಚು ಚಲನಶಕ್ತಿಯನ್ನು ಹೊತ್ತು ತಂದಿರುತ್ತೀರಿ. ಅದು ಕರಗುವವರೆಗೆ ವಿಮಾನ ನೆಲದ ಮೇಲೆ ಕೂರುವುದಿಲ್ಲ. ಬಲವಂತವಾಗಿ ಕೂರಿಸಿದರೆ ನೋಸ್‌ವೀಲ್ ಮೊದಲು ತಗಲುತ್ತದೆ. ನೀವು ಕಂಡ ಕಥೆ ಶುರುವಾಗುವುದು ಅಲ್ಲಿಂದಲೇ.

ಈ 50 ನಾಟ್ ಎಂಬ ಅಂಕಿಯೂ ನಿಮ್ಮ ಮಾಪಕ ತೋರಿಸಿದ ಅಂಕಿಯಾಗಿರಬೇಕು. ವೇಗಮಾಪಕಕ್ಕೆ ಹೊರಗಿನ ಗಾಳಿಯ ಒತ್ತಡವನ್ನು ತಿಳಿಸುವ ಸ್ಟ್ಯಾಟಿಕ್ ರಂಧ್ರ ವಿಮಾನದ ಪಕ್ಕದ ತಗಡಿನಲ್ಲಿರುತ್ತದೆ. ಒಂದು ಹೆಸರಾಂತ ಕಿಟ್‌ನಲ್ಲಿ ಅದಕ್ಕೆ ಉಬ್ಬಿದ ತಲೆಯ ಸಾಮಾನ್ಯ ರಿವೆಟ್ ಸಾಕೆಂದು ನಕ್ಷೆಯಲ್ಲಿದೆ. ಅಂದವಾಗಿ ಕಾಣಲೆಂದು ಅದನ್ನು ತೆಗೆದು, ತಗಡಿನ ಮಟ್ಟಕ್ಕೆ ಕೂರುವ ನಯವಾದ ಬಿಲ್ಲೆ ಹಾಕಿದವರ ಮಾಪಕಗಳು ತಪ್ಪು ತೋರಿಸಿದ್ದುಂಟು. ಆ ರಿವೆಟ್‌ನ ಉಬ್ಬೇ ಗಾಳಿಯ ಒತ್ತಡವನ್ನು ಸರಿದೂಗಿಸುತ್ತಿತ್ತು. ಒಂದೆರಡು ಮಿಲಿಮೀಟರ್ ಉಬ್ಬಿಗೆ ಇಷ್ಟು ಬೆಲೆಯಿದೆಯೆಂದರೆ, ಇನ್ನೊಬ್ಬರ ವಿಮಾನದ ಅಂಕಿಯನ್ನು ನಂಬುವುದು ಹೇಗೆ? ಪರೀಕ್ಷಾ ಪೈಲಟ್ ಬಳಿ ತರಬೇತಿ ಪಡೆದು, ವಿಮಾನದ ಅನುಮತಿಪತ್ರದ ಷರತ್ತುಗಳಿಗೆ ಒಳಪಟ್ಟು, ಸುರಕ್ಷಿತ ಎತ್ತರದಲ್ಲಿ, ಒಂಟಿಯಾಗಿ ಮತ್ತು ಭಾರ ಹೊತ್ತು, ಫ್ಲಾಪ್‌ನ ಪ್ರತಿ ಹಂತದಲ್ಲೂ ಸ್ಟಾಲ್ ಮಾಡಿ, ಆಗ ಮುಳ್ಳು ಎಲ್ಲಿತ್ತೆಂದು ಬರೆದುಕೊಳ್ಳಿ. ಅವರು ಬರೆದಿಟ್ಟ ಅಂಕಿಗಳಿದ್ದರೆ ಅವನ್ನು ಕೇಳಿ ಪಡೆಯಿರಿ. ಆದರೂ ಒಮ್ಮೆ ನೀವೇ ನೋಡಿ, ಏಕೆಂದರೆ ಸ್ಟಾಲ್‌ಗೆ ಮೊದಲು ಈ ವಿಮಾನದ ಸ್ಟಿಕ್ ಹೇಗೆ ನಡುಗುತ್ತದೆ, ಅಥವಾ ನಡುಗುವುದೇ ಇಲ್ಲವೇ ಎಂಬುದು ಕಾಗದದಿಂದ ಕೈಗೆ ಬರುವುದಿಲ್ಲ.

ಬೆಂಗಳೂರಿಗೆ ಸೇರಿದ ಮಾತೊಂದನ್ನು ಇಲ್ಲಿ ಹೇಳಲೇಬೇಕು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಬಿಸಿಲಿನಲ್ಲಿ ನಗರದ ಜಕ್ಕೂರು ಏರೋಡ್ರೋಮ್‌ನ ರನ್‌ವೇ ಮೇಲಿನ ಗಾಳಿ, ಸಾಮಾನ್ಯ ಲೆಕ್ಕದಲ್ಲಿ 6,000 ಅಡಿ ಎತ್ತರದಲ್ಲಿರುವ ಗಾಳಿಯಷ್ಟು ತೆಳುವಾಗಿರುತ್ತದೆ. ಮಾಪಕ 65 ತೋರಿಸುತ್ತಿರುವಾಗ ವಿಮಾನದ ನಿಜವಾದ ವೇಗ 71ರ ಹತ್ತಿರವಿರುತ್ತದೆ. ನೆಲ ಮುಟ್ಟಿದ ಮೇಲೆ ಬ್ರೇಕುಗಳು ಕರಗಿಸಬೇಕಾದ ಶಕ್ತಿ ಸಮುದ್ರಮಟ್ಟದಲ್ಲಿರುವುದಕ್ಕಿಂತ ಸುಮಾರು ಐದನೆಯ ಒಂದು ಪಾಲು ಹೆಚ್ಚು. ಇದರಲ್ಲಿ ಎರಡು ಅಪಾಯಗಳಿವೆ. ಕರಾವಳಿಯ ಏರ್‌ಸ್ಟ್ರಿಪ್‌ನಲ್ಲಿ ಹಾರಿ ಬಂದವರಿಗೆ ಇಲ್ಲಿ ನೆಲ ಹೆಚ್ಚು ವೇಗವಾಗಿ ಓಡಿದಂತೆ ಕಂಡು, ಅರಿವಿಲ್ಲದೆ ಮಾಪಕವನ್ನು ಮರೆತು ವೇಗ ಕಳೆಯುತ್ತಾರೆ. ಇನ್ನೊಂದು, ಟರ್ಬೋ ಇಲ್ಲದ ಎಂಜಿನ್ ಈ ಗಾಳಿಯಲ್ಲಿ ತನ್ನ ಶಕ್ತಿಯ ಐದನೆಯ ಒಂದು ಪಾಲಿಗೆ ಹತ್ತಿರ ಕಳೆದುಕೊಂಡಿರುವುದರಿಂದ, ಗೋ-ಅರೌಂಡ್ ನಿರ್ಧಾರವನ್ನು, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವ ನಿರ್ಧಾರವನ್ನು, ಬೇಗ ಮಾಡಬೇಕು. ಮಳೆಗಾಲದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಕಟ್ಟಡಗಳ ಸಾಲನ್ನು ದಾಟಿ ಬರುವಾಗ ಜಗ್ಗಾಡುತ್ತದೆ. ನಿಮ್ಮ ಮೊದಲ ಹತ್ತು ಲ್ಯಾಂಡಿಂಗ್‌ಗಳನ್ನು ಬೆಳಗಿನ ತಂಪಿನಲ್ಲಿ, ಗಾಳಿಯ ದಿಕ್ಕು ತೋರಿಸುವ ಬಟ್ಟೆಚೀಲ, ವಿಂಡ್‌ಸಾಕ್, ಜೋತುಬಿದ್ದಿರುವಾಗ ಮಾಡಿ. ಅಕ್ಕಪಕ್ಕದಲ್ಲಿ ಇನ್ನೂ ಉದ್ದನೆಯ ರನ್‌ವೇ ಬಳಸಲು ಅನುಮತಿ ಸಿಗುವುದಾದರೆ ಅಲ್ಲೇ ಆರಂಭಿಸುವುದು ಲೇಸು.

ಬೌನ್ಸ್ ಆದಾಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ. ಮೊದಲ ಸಲ ಪುಟಿದಾಗ ಮೂಗು ಆಕಾಶ ನೋಡುತ್ತದೆ. ಪೈಲಟ್ ಹೆದರಿ ಸ್ಟಿಕ್ ಮುಂದಕ್ಕೆ ನೂಕುತ್ತಾನೆ. ಆ ಆಜ್ಞೆ ಫಲಿಸುವ ಹೊತ್ತಿಗೆ ವಿಮಾನ ತಾನಾಗಿಯೇ ಇಳಿಯಲಾರಂಭಿಸಿರುವುದರಿಂದ, ಎರಡೂ ಸೇರಿ ನೋಸ್‌ವೀಲ್ ನೆಲಕ್ಕೆ ಅಪ್ಪಳಿಸುತ್ತದೆ. ಅದರ ಪುಟಿತ ಮೊದಲಿನದಕ್ಕಿಂತ ದೊಡ್ಡದು. ಪೈಲಟ್ ಮತ್ತೆ ನೂಕುತ್ತಾನೆ. ವಿಮಾನದ ಏರಿಳಿತ ಮತ್ತು ಮನುಷ್ಯನ ಕೈ ಒಂದರ ಹಿಂದೊಂದು ಅರೆಕ್ಷಣ ತಡವಾಗಿ ಓಡುತ್ತಾ, ಪ್ರತಿ ಸುತ್ತಿನಲ್ಲೂ ಪೆಟ್ಟು ಬಲವಾಗುತ್ತದೆ. ನೋಸ್‌ವೀಲ್‌ನ ಕಾಲು ತೆಳ್ಳಗಿನ ಉಕ್ಕಿನ ದಂಡ. ಟ್ಯಾಕ್ಸಿಯಲ್ಲಿ ಮೂಗಿನ ಭಾರ ಹೊರಲು ಅದನ್ನು ಮಾಡಿದ್ದಾರೆ, ಬೀಳುವ ವಿಮಾನವನ್ನು ತಡೆಯುವ ಬಲ ಅದಕ್ಕಿಲ್ಲ. ಅದು ಹಿಂದಕ್ಕೆ ಬಾಗಿದೊಡನೆ ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ. ಪ್ರೊಪೆಲ್ಲರ್ ಬಡಿದ ಮೇಲೆ ಹೊರಗಿಂದ ಎಂಜಿನ್ ಸರಿಯಾಗಿಯೇ ಕಂಡರೂ, ಬಿಚ್ಚಿ ಕ್ರ್ಯಾಂಕ್‌ಶಾಫ್ಟ್ ಪರೀಕ್ಷಿಸದೆ ಮತ್ತೆ ಹಾರಬಾರದು. ಪರಿಹಾರ ಹೇಳಲು ಸುಲಭ, ಕೈಗೆ ಬರಲು ಅಭ್ಯಾಸ ಬೇಕು: ಪುಟಿದೊಡನೆ ಸ್ಟಿಕ್ ಮುಂದಕ್ಕೆ ಹೋಗಕೂಡದು. ಸಣ್ಣ ಪುಟಿತವಾದರೆ ಮೂಗನ್ನು ಆ ಹಲಗೆಯ ಮೇಲೆ ಕಂಡ ಚಿತ್ರದಲ್ಲೇ ಹಿಡಿದು, ಥ್ರಾಟಲ್ ತುಸು ಕೊಟ್ಟು ಮತ್ತೆ ಇಳಿಯಲು ಬಿಡಿ. ದೊಡ್ಡದಾದರೆ, ಎರಡನೆಯ ಪುಟಿತಕ್ಕೆ ಕಾಯದೆ, ಪೂರ್ಣ ಥ್ರಾಟಲ್ ಕೊಟ್ಟು ಗೋ-ಅರೌಂಡ್ ಮಾಡಿ. ಆಗ ಹಗುರ ವಿಮಾನದಲ್ಲಿ ಬಲವಾದ ಎಂಜಿನ್ ಮೂಗನ್ನು ಮೇಲಕ್ಕೂ ಎಡಕ್ಕೂ ಎಳೆಯುತ್ತದೆಂಬುದು ನೆನಪಿರಲಿ. ಮೂಗನ್ನು ಎಡಬಲಕ್ಕೆ ತಿರುಗಿಸುವ ರಡರ್‌ನ ಬಲ ಪೆಡಲ್ ಒತ್ತಲು ಕಾಲು ಮೊದಲೇ ಸಿದ್ಧವಿರಬೇಕು. ಗೋ-ಅರೌಂಡ್‌ನಲ್ಲಿ ಸ್ಟಾಲ್ ಆಗಿ ಬಿದ್ದವರು, ಬೌನ್ಸ್‌ನಲ್ಲಿ ಪ್ರೊಪೆಲ್ಲರ್ ಮುರಿದುಕೊಂಡವರಷ್ಟು ಅದೃಷ್ಟವಂತರಲ್ಲ.

ಲ್ಯಾಂಡಿಂಗ್ ಅಪಘಾತಗಳಲ್ಲಿ ಹೆಚ್ಚಿನವು ತಗಡನ್ನೂ ಹಣವನ್ನೂ ನಷ್ಟಮಾಡಿ ಮುಗಿಯುತ್ತವೆ. ಜೀವ ಹೋಗುವುದು ಬಹುಮಟ್ಟಿಗೆ ರನ್‌ವೇ ತಲುಪುವ ಮೊದಲು. ರನ್‌ವೇಗೆ ಅಡ್ಡಲಾಗಿ ಹಾರುವ ಬೇಸ್ ಹಂತದಿಂದ ಫೈನಲ್‌ಗೆ ತಿರುಗುವಾಗ ರನ್‌ವೇಯ ರೇಖೆಯನ್ನು ದಾಟಿಬಿಟ್ಟೆನೆಂದು ಕಂಡು, ವಿಮಾನವನ್ನು ಇನ್ನಷ್ಟು ಓರೆಮಾಡಿ, ಒಳಗಿನ ರಡರ್ ಒತ್ತಿ ಮೂಗನ್ನು ಎಳೆದುತರುವ ಆಸೆ ಅದಕ್ಕೊಂದು ಮುಖ್ಯ ಕಾರಣ. ಎತ್ತರ ಕಾಯ್ದುಕೊಂಡು 45 ಡಿಗ್ರಿ ಓರೆಯಲ್ಲಿ ತಿರುಗಿದರೆ ಸ್ಟಾಲ್ ವೇಗ ಶೇಕಡ 19ರಷ್ಟು, 60 ಡಿಗ್ರಿಯಲ್ಲಿ ಶೇಕಡ 41ರಷ್ಟು ಏರುತ್ತದೆ. 1.3 ಪಟ್ಟಿನ ಅಂತರ ಅಲ್ಲಿಗೆ ಮುಗಿಯಿತು. ರೇಖೆ ತಪ್ಪಿದರೆ ಸುತ್ತು ಹೊಡೆದು ಮತ್ತೆ ಬನ್ನಿ. ಐದು ನಿಮಿಷ ಹೋಗುತ್ತದೆ, ಅಷ್ಟೆ.

ಕಟ್ಟಿದವರ ತಪ್ಪೇ ಇರುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಮುಖ್ಯ ಚಕ್ರಗಳೆರಡೂ ಸಮಾಂತರವಾಗಿರದೆ ಹೊರಕ್ಕೆ ಮುಖ ಮಾಡಿದ್ದರೆ ವಿಮಾನ ನೆಲ ಮುಟ್ಟಿದ ಮೇಲೆ ಎತ್ತಲೋ ಎಳೆಯುತ್ತದೆ. ದಾರ ಹಿಡಿದು ಅಳೆದರೆ ಒಂದು ಸಂಜೆಯಲ್ಲಿ ತಿಳಿಯುತ್ತದೆ. ನಿಮ್ಮ ನೋಸ್‌ವೀಲ್ ತಾನಾಗಿಯೇ ಅತ್ತಿತ್ತ ತಿರುಗುವ ಬಗೆಯದಾಗಿದ್ದರೆ, ಅದರ ಫೋರ್ಕ್‌ಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಪಕ್ಕಕ್ಕೆ ಎಳೆಯಿರಿ. ಅದು ಎಷ್ಟು ಕಿಲೋ ಎಳೆತಕ್ಕೆ ಅಲುಗಬೇಕೆಂದು ಕಿಟ್ ತಯಾರಕರು ಹೇಳಿರುತ್ತಾರೆ. ಸಡಿಲವಾಗಿದ್ದರೆ ಚಕ್ರ ನಡುಗಿ ನಡುಗಿಯೇ ಕಾಲನ್ನು ದಣಿಸುತ್ತದೆ. ಟೈರಿನ ಗಾಳಿಯನ್ನು ಪ್ರತಿ ಹಾರಾಟಕ್ಕೂ ಮೊದಲು ನೋಡಿ.

ಬಾಲದ ಚಕ್ರದ ವಿಮಾನ ಕೊಳ್ಳಲು ಹೊರಟವರು ನನಗೆ ಆಗಾಗ ಬರೆಯುವುದರಿಂದ ಒಂದು ಮಾತು ಸೇರಿಸುತ್ತೇನೆ. ಟ್ರಾಕ್ಟರ್‌ನ ಟ್ರೇಲರನ್ನು ಹಿಂದಕ್ಕೆ ನೂಕಿದವರಿಗೆ ಗೊತ್ತು: ತುಸು ಸೊಟ್ಟಗಾದದ್ದು ತಾನಾಗಿಯೇ ಇನ್ನಷ್ಟು ಸೊಟ್ಟಗಾಗುತ್ತದೆ. ಭಾರದ ಕೇಂದ್ರ ಮುಖ್ಯ ಚಕ್ರಗಳ ಹಿಂದಿರುವ ಟೇಲ್‌ವೀಲ್ ವಿಮಾನವೂ ಹಾಗೆಯೇ; ಅಡ್ಡಗಾಳಿಯಲ್ಲಿ ಮೂಗು ನೇರವಿಲ್ಲದೆ ನೆಲ ಮುಟ್ಟಿದರೆ ಬಾಲ ಮುಂದಕ್ಕೆ ಬರಲು ನೋಡುತ್ತದೆ. ಅದು ನಿಲ್ಲುವವರೆಗೂ ರಡರ್ ಮೇಲಿನ ಕಾಲು ಬಿಡುವಂತಿಲ್ಲ.

ಇನ್ನು ನಿಮ್ಮ ಮಗಳ ವಿಷಯ. ಒಂದರ ಹಿಂದೊಂದು ಆಸನವಿರುವ ವಿಮಾನದಲ್ಲಿ ಹಿಂದೆ ಒಬ್ಬರು ಕೂತರೆ ತೂಕ ಮಾತ್ರ ಬದಲಾಗುವುದಿಲ್ಲ, ಭಾರದ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಒಬ್ಬರೇ ಇದ್ದಾಗ ಫ್ಲೇರ್‌ನಲ್ಲಿ ಎರಡು ಕೈ ಬೇಕೆನಿಸುವಷ್ಟು ಭಾರವಾಗಿದ್ದ ಸ್ಟಿಕ್, ಆಗ ಎರಡು ಬೆರಳಿಗೆ ಬರುವಷ್ಟು ಹಗುರವಾಗುತ್ತದೆ. ಹಳೆಯ ಬಲದಲ್ಲೇ ಎಳೆದರೆ ವಿಮಾನ ಮೂಗೆತ್ತಿ ಮೇಲೇರಿ, ವೇಗ ಕಳೆದುಕೊಂಡು ಬೀಳುತ್ತದೆ. ಅಂದರೆ ಸೆಸ್ನಾ ಒಂದು, ಒಬ್ಬರೇ ಹಾರಿಸುವ ಈ ವಿಮಾನ ಇನ್ನೊಂದು ಎಂದಾದರೆ, ನಿಮಗೆ ಅದು ಮೂರನೆಯ ವಿಮಾನ. ಮೊದಲು ನಿಮ್ಮ ಅನುಮತಿಪತ್ರದ ಷರತ್ತುಗಳಲ್ಲಿ ಎರಡನೆಯವರನ್ನು ಕೂರಿಸಲು ಅವಕಾಶವಿದೆಯೇ ಎಂದು ನೋಡಿಕೊಳ್ಳಿ. ಒಂಟಿಯಾಗಿ ಕನಿಷ್ಠ ಐವತ್ತು ಲ್ಯಾಂಡಿಂಗ್ ಆಗಲಿ; ಇದು ನನ್ನ ಅಳತೆ, ನಿಯಮವಲ್ಲ. ಆಮೇಲೆ ಹಿಂದಿನ ಆಸನದಲ್ಲಿ 20 ಕಿಲೋ ಮರಳಿನ ಚೀಲವಿಟ್ಟು, ಬೆಲ್ಟ್‌ನಿಂದಲೂ ಹಗ್ಗದಿಂದಲೂ ಅಲುಗದಂತೆ ಬಿಗಿದು, ಹಿಂದಿನ ಸ್ಟಿಕ್‌ಗೆ ತಗಲದೆಂದು ಎರಡು ಬಾರಿ ನೋಡಿ ಹಾರಿ. ಪ್ರತಿ ಬಾರಿ ಭಾರದ ಕೇಂದ್ರವನ್ನು ಕಾಗದದ ಮೇಲೆ ಲೆಕ್ಕಹಾಕಿ, ಅದು ಮಿತಿಯೊಳಗಿದ್ದರೆ ಮಾತ್ರ 40, ನಂತರ ಮಗಳ ತೂಕಕ್ಕಿಂತ ಐದು ಕಿಲೋ ಹೆಚ್ಚು. ಪ್ರತಿ ಹಂತದಲ್ಲೂ ಎತ್ತರದಲ್ಲಿ ಸ್ಟಾಲ್ ನೋಡಿ, ಅಂಕಿ ಬರೆದು, ಐದಾರು ಲ್ಯಾಂಡಿಂಗ್ ಮಾಡಿ. ಆ ಕೊನೆಯ ಚೀಲವನ್ನು ಹೊತ್ತು ಸತತವಾಗಿ ಹತ್ತು ಸಲ, ನೋಸ್‌ವೀಲ್ ಕೊನೆಗೆ ತಗಲುವಂತೆ, ನೀವು ಗುರುತು ಹಾಕಿಕೊಂಡ ಜಾಗದಲ್ಲೇ ಇಳಿಸಿದ ದಿನದ ಮರುದಿನ ಬೆಳಿಗ್ಗೆ, ಚೀಲ ಇಳಿಸಿ ಅವಳನ್ನು ಕೂರಿಸಿಕೊಳ್ಳಿ.